ನೀರುಕಾಗೆಯ ಎಂಟು ಸೆಕೆಂಡು

"ಮುಳುಗಿತು," ಎಂದಳು ಹೆಂಡತಿ, ಒಲೆಯ ಮೇಲಿನ ಹಾಲಿನ ಮೇಲೊಂದು ಕಣ್ಣಿಟ್ಟುಕೊಂಡೇ. ಮೇಜಿನ ಆಚೆ ಕೂತಿದ್ದ ಅವಳ ತಮ್ಮ ಸ್ಟಾಪ್‌ವಾಚಿನ ಗುಂಡಿ ಒತ್ತಿದ. ಅವಳ ಎಡಗೈಯಲ್ಲಿಯೂ ಅಂಥದೇ ಇನ್ನೊಂದು ವಾಚಿತ್ತು. ಅದನ್ನೂ ಅವಳು ಅದೇ ಕ್ಷಣಕ್ಕೆ ಒತ್ತಿದ್ದಳು. ಹಾಲು ಏರತೊಡಗಿತು, ಅವಳು ಉರಿ ಸಣ್ಣ ಮಾಡಿದಳು, ಲೋಟಗಳನ್ನು ಸಾಲಾಗಿಟ್ಟಳು, ತಮ್ಮನ ಗಮನ ತಪ್ಪಿಸಲೆಂದೇ ಪಕ್ಕದ ಮನೆಯ ಬೆಕ್ಕು ಮರಿ ಹಾಕಿದ ಸುದ್ದಿ ತೆಗೆದಳು. ತಮ್ಮ ಬೆಕ್ಕಿನ ಕಡೆಗೂ ಹೋಗಲಿಲ್ಲ, ಹಾಲಿನ ಕಡೆಗೂ ಹೋಗಲಿಲ್ಲ, ತುಟಿ ಬಿಗಿಹಿಡಿದು ಕೂತಿದ್ದ. ಮೂರು ಮರಿಯಂತೆ, ಅದರಲ್ಲೊಂದು ಬರೀ ಕಪ್ಪಂತೆ, "ಎದ್ದಿತು," ಎಂದಳು ಅದೇ ಉಸಿರಿನಲ್ಲಿ. ಎರಡು ಗುಂಡಿಗಳೂ ಒಟ್ಟಿಗೇ ಟಕ್ಕೆಂದವು. ವಾಚುಗಳನ್ನು ಅಕ್ಕಪಕ್ಕ ಇಟ್ಟು ಬಗ್ಗಿ ನೋಡಿದಳು. "ನೋಡೋ, ಕೂದಲೆಳೆ ಅಷ್ಟು ವ್ಯತ್ಯಾಸ ಇಲ್ಲ. ಯಾರೋ ನಿನ್ನನ್ನ ನಿಧಾನಿ ಅಂದೋರು?" ಎಂದಳು. ಪಕ್ಕದ ಕೋಣೆಯಲ್ಲಿ ಬೂಟಿನ ದಾರ ಕಟ್ಟುತ್ತಿದ್ದ ಅವಳ ಗಂಡ, ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. ಈಗಲೇ ಎದ್ದು ಅಡುಗೆಮನೆಗೆ ಹೋದರೆ ಆ ಇಬ್ಬರ ಮುಖವನ್ನೂ ನೋಡಬೇಕಾಗುತ್ತದೆ, ನೋಡಿ ಸಂತೋಷಪಡಬೇಕಾಗುತ್ತದೆ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಈ ಮನೆಯಲ್ಲಿ ಚಹಾಕ್ಕೆ ಮೊದಲು ಇಪ್ಪತ್ತು ಸಲ ಹಕ್ಕಿ ಮುಳುಗಿ ಇಪ್ಪತ್ತು ಸಲ ಏಳುತ್ತಿತ್ತು. ಇಲ್ಲದ ಹಕ್ಕಿ, ಇಲ್ಲದ ಸಮುದ್ರ. ಅವನು ಮಾತ್ರ ಬೂಟು ಕಟ್ಟುತ್ತ ಕೂತಿರುತ್ತಿದ್ದ.

"ಇವತ್ತು ಹೇಳ್ತೀರಲ್ಲ?" ಎಂದು ಹೆಂಡತಿ ಲೋಟ ಹಿಡಿದು ಬಂದಳು. ಏನು ಎಂದು ಕೇಳಿದ, ಗೊತ್ತಿದ್ದೂ. "ಇನ್ನೇನು, ಇವನ ವಿಷಯ. ಕೈ ಸರಿಹೋಗಿದೆ ಅಂತ. ಮೇಡಂ ನಿಮ್ಮ ಮಾತು ತೆಗೆದುಹಾಕೋದಿಲ್ಲ." ಇವತ್ತು ಹತ್ತು ಗಂಟೆಗೆ ಕಡಲಹಕ್ಕಿಗಳ ಅಧ್ಯಯನ ಕೇಂದ್ರದ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುವವರು, ಅವನನ್ನು ಕರೆದಿದ್ದರು. ಬರುವ ಮರಿಗಳ ಕಾಲದಲ್ಲಿ, ಎಂದರೆ ನೀರುಕಾಗೆಗಳು ಮರಿ ಸಾಕುವ ತಿಂಗಳುಗಳಲ್ಲಿ, ಕಡಲಂಚಿನ ಬಂಡೆಯ ಮೇಲೆ ಅವನ ಜೊತೆ ಬರೆಯಲು ಯಾರು ಕೂರಬೇಕು ಎಂಬುದು ಇವತ್ತು ತೀರ್ಮಾನವಾಗಬೇಕು. ಎರಡು ವರ್ಷದ ಹಿಂದೆ ಆ ಜಾಗದಿಂದ ಉಗ್ರಾಣಕ್ಕೆ ತಳ್ಳಿಸಿಕೊಂಡಿದ್ದ ಭಾಮೈದ ಮತ್ತೆ ಅರ್ಜಿ ಹಾಕಿದ್ದ. ಈ ಸಲ ಸಿಗದಿದ್ದರೆ ಆ ಜಾಗಕ್ಕೆ ಬೇರೊಬ್ಬರು ಕಾಯಂ ಆಗುತ್ತಾರೆ, ಅವನು ಉಗ್ರಾಣದಲ್ಲಿ ಹಗ್ಗ ಸುತ್ತುತ್ತ ಮುದುಕನಾಗುತ್ತಾನೆ. ಇದು ಮೂವರಿಗೂ ಗೊತ್ತಿತ್ತು. ಭಾಮೈದ ಬಾಗಿಲ ಬಳಿ ನಿಂತು, "ಭಾವನಿಗೆ ತೊಂದರೆ ಆಗೋ ಹಾಗೆ ಏನೂ ಹೇಳೋದು ಬೇಡ ಅಕ್ಕ. ಆದ್ರೆ ಆಯ್ತು," ಎಂದ, ಒಂದೊಂದು ಪದವನ್ನೂ ಮುಟ್ಟಿ ನೋಡಿ ಇಡುವವನ ಹಾಗೆ. ಚಹಾ ಬಿಸಿಯಾಗಿತ್ತು. ಅವನು ಗುಟುಕರಿಸಿ ನಾಲಿಗೆ ಸುಟ್ಟುಕೊಂಡ.

ದಾರಿಯಲ್ಲಿ ಭಾಮೈದ ಎಂದಿನಂತೆ ಎರಡು ಹೆಜ್ಜೆ ಹಿಂದೆ. ಮದುವೆಯ ದಿನದಿಂದಲೂ ಹಾಗೇ, ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಅಕ್ಕನ ಸೆರಗಿನ ಹಿಂದಿನಿಂದ ಇಣುಕಿ, ಇಡೀ ಅರ್ಧ ದಿನ ಯೋಚಿಸಿ, "ನೀವು ದಿನವೆಲ್ಲಾ ಹಕ್ಕಿ ನೋಡ್ತೀರಂತೆ. ಹಕ್ಕಿಗೆ ಬೇಜಾರಾಗಲ್ವಾ?" ಎಂದು ಕೇಳಿದ್ದ. ಊಟಕ್ಕೆ ಕೂತರೆ ಎಲ್ಲರೂ ಕೈ ತೊಳೆದರೂ ಅವನದು ಅರ್ಧವಾಗಿರುತ್ತಿತ್ತು. ನಿಧಾನಿ ಎಂದು ಮನೆಯವರೇ ಇಟ್ಟ ಹೆಸರು ಶಾಲೆಗೆ ಹೋಯಿತು, ಶಾಲೆಯಿಂದ ಕೇಂದ್ರಕ್ಕೂ ಬಂತು. ಕೇಂದ್ರಕ್ಕೆ ತಂದವನು ಭಾವನೇ. ಕೆಲಸ ಕಲಿಸಿದವನೂ ಅವನೇ. ಬಂಡೆಯ ಮೇಲೆ ಇಬ್ಬರು ಕೂರಬೇಕು. ಒಬ್ಬನು ಮುಕ್ಕಾಲಿಯ ಮೇಲೆ ನಿಲ್ಲಿಸಿದ ಉದ್ದ ದುರ್ಬೀನಿಗೆ ಕಣ್ಣು ಕೊಟ್ಟು ಕೂತರೆ ಗಂಟೆಗಟ್ಟಲೆ ಏಳುವಂತಿಲ್ಲ. ಒಂದೇ ಒಂದು ನೀರುಕಾಗೆಯನ್ನು ಹಿಡಿದುಕೊಳ್ಳಬೇಕು, ಕಡಲಲ್ಲಿ ಅಂಥವು ನೂರು ಇದ್ದರೂ. ಅದು ಕತ್ತು ಬಳುಕಿಸಿ ಒಳಗೆ ಜಾರಿದ ಕೂಡಲೇ "ಮುಳುಗಿತು" ಅನ್ನಬೇಕು. ಮೇಲೆ ಬಂದು ಮೀನನ್ನು ತಲೆಯ ಕಡೆಯಿಂದ ನುಂಗುವ ಮೊದಲೇ "ಎದ್ದಿತು" ಅನ್ನಬೇಕು. ಇನ್ನೊಬ್ಬನು ಪಕ್ಕದಲ್ಲಿ ತಲೆತಗ್ಗಿಸಿ ಕೂತು ವಾಚು ಒತ್ತಿ, ಬಿಟ್ಟು, ಬರೆಯುತ್ತಾನೆ. ನೋಡುವವನು ಬರೆಯಬಾರದು, ಬರೆಯುವವನು ನೋಡಬಾರದು. ಇಬ್ಬರೂ ನೋಡಿದರೆ ಇಬ್ಬರ ಕಣ್ಣೂ ಜಗಳಕ್ಕೆ ಬೀಳುತ್ತವೆ, ಪುಸ್ತಕ ಹಾಳಾಗುತ್ತದೆ. ಇದನ್ನು ಅವನು ಭಾಮೈದನಿಗೆ ಮೊದಲ ದಿನವೇ ಹೇಳಿದ್ದ, ಸ್ವಲ್ಪ ಗತ್ತಿನಿಂದಲೇ ಹೇಳಿದ್ದ. ಆರು ವರ್ಷ ಅವನ ಪಕ್ಕದಲ್ಲಿ ಕೂತ ಭಾಮೈದ ಒಂದು ದಿನವೂ ತಲೆಯೆತ್ತಿ ಕಡಲು ನೋಡಿದವನಲ್ಲ.

ತಲೆಯೆತ್ತಿ ನೋಡಿದ್ದರೆ ಎರಡು ವರ್ಷದ ಹಿಂದೆಯೇ ಎಲ್ಲ ಮುಗಿದುಹೋಗುತ್ತಿತ್ತು ಎಂದು ಅವನಿಗೆ ಈಗಲೂ ಅನಿಸುತ್ತದೆ. ಹೀಗೆ ಅನಿಸಿದಾಗಲೆಲ್ಲ, ತಪ್ಪನ್ನು ಪೂರ್ತಿ ಅಲ್ಲದಿದ್ದರೂ ಒಂದು ಚೂರನ್ನಾದರೂ ಆ ಬಡಪಾಯಿಯ ತಲೆಗೇ ಕಟ್ಟುತ್ತಿದ್ದೇನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಗುತ್ತದೆ. ಎಡಗಣ್ಣು ಹುಟ್ಟಿನಿಂದಲೇ ಸೋಮಾರಿ. ಇಪ್ಪತ್ತಾರು ವರ್ಷವೂ ದುರ್ಬೀನಿಗೆ ದುಡಿದದ್ದು ಬಲಗಣ್ಣು. ಆ ಚಳಿಗಾಲದಲ್ಲೇ ಬಲಗಣ್ಣಿಗೆ ಮಂಜು ಕವಿಯತೊಡಗಿತ್ತು. ಗಾಜು ಒರೆಸಿದ, ಮತ್ತೆ ಒರೆಸಿದ, ದುರ್ಬೀನಿನದೇ ತಪ್ಪೆಂದು ಉಗ್ರಾಣದಿಂದ ಇನ್ನೊಂದು ತರಿಸಿದ. ಮರಿಗಳ ಕಾಲದ ಕೊನೆಯ ಹನ್ನೊಂದು ದಿನ, ನೀರಿನ ಮೇಲೆ ಬಿಸಿಲು ಹೊಳೆದರೆ ಸಾಕು, ಕಣ್ಣ ತುಂಬ ಬರೀ ಬಿಳುಪು. ಮುಳುಗುವುದು ಕಾಣುತ್ತಿತ್ತು, ಯಾಕೆಂದರೆ ಹಕ್ಕಿ ಎಲ್ಲಿದೆಯೆಂದು ಮೊದಲೇ ಗೊತ್ತಿರುತ್ತಿತ್ತು. ಆದರೆ ನೀರುಕಾಗೆ ಮುಳುಗಿದ ಜಾಗದಲ್ಲಿ ಏಳುವುದಿಲ್ಲ. ಮೀನು ಓಡಿದ ಕಡೆ ಅಟ್ಟಿಸಿಕೊಂಡು ಹೋಗಿ ಎಲ್ಲೋ ತಲೆ ಹಾಕುತ್ತದೆ. ಆ ತಲೆಯನ್ನು ಆ ಬಿಳುಪಿನಲ್ಲಿ ಹುಡುಕಬೇಕು. ಹುಡುಕಿ ಹುಡುಕಿ ಕಂಡಾಗ "ಎದ್ದಿತು" ಅನ್ನುತ್ತಿದ್ದ, ಹಕ್ಕಿ ಆಗಲೇ ಮೀನು ನುಂಗಿ ಮೈ ಕೊಡವಿಕೊಂಡಿರುತ್ತಿತ್ತು. ಪಕ್ಕದಲ್ಲಿ ಭಾಮೈದನ ವಾಚು ತಟ್ಟನೆ ಟಕ್ಕೆನ್ನುತ್ತಿತ್ತು. ಆ ಸದ್ದು ಅವನ ಕಿವಿಯಲ್ಲಿದೆ. ಹೇಳಿದ ಕೂಡಲೇ ಬರುತ್ತಿದ್ದ ಸದ್ದು.

ಮೊದಮೊದಲು ಮೇಡಂ ಹಿಗ್ಗಿದ್ದರು. ನೀರುಕಾಗೆಗಳು ನಲವತ್ತು ಸೆಕೆಂಡು ಮುಳುಗುತ್ತಿದ್ದವು, ಈಗ ನಲವತ್ತೆಂಟು. ಹಾಗಾದರೆ ಮೀನು ಆಳಕ್ಕೆ ಇಳಿದಿದೆ, ತಳದಲ್ಲೇನೋ ಬದಲಾಗುತ್ತಿದೆ. ದೊಡ್ಡ ಸಭೆಯೊಂದರಲ್ಲಿ ಹೋಗಿ ಮಾತಾಡಿಯೂ ಬಂದರು. ಅಲ್ಲಿ ಯಾರೋ ಅವರನ್ನು ಒಂದು ಸಣ್ಣ ಪ್ರಶ್ನೆ ಕೇಳಿದ್ದರಂತೆ, ಹಕ್ಕಿ ಮೇಲೆ ಬಂದು ಎಷ್ಟು ಹೊತ್ತು ಸುಧಾರಿಸಿಕೊಳ್ಳುತ್ತದೆ ಎಂದು. ಅದರ ಉತ್ತರ ಹುಡುಕಲು ಪುಸ್ತಕ ತೆಗೆದರು. ಹೆಚ್ಚು ಹೊತ್ತು ಮುಳುಗಿದ ಹಕ್ಕಿ ಮೇಲೆ ಬಂದು ಹೆಚ್ಚು ಹೊತ್ತು ಸುಧಾರಿಸಿಕೊಳ್ಳಬೇಕು, ಮನುಷ್ಯರ ಹಾಗೇ. ಪುಸ್ತಕದಲ್ಲಿ ಉಲ್ಟಾ ಇತ್ತು. ಮೊದಲು ನಲವತ್ತು ಮುಳುಗಿ ಹದಿನೈದು ಸುಧಾರಿಸಿಕೊಳ್ಳುತ್ತಿದ್ದದ್ದು ಈಗ ನಲವತ್ತೆಂಟು ಮುಳುಗಿ ಏಳೇ ಸೆಕೆಂಡಿಗೆ ಮತ್ತೆ ಮುಳುಗಿತ್ತು. ಕೂಡಿದರೆ ಅದೇ ಐವತ್ತೈದು. "ಹಕ್ಕಿಯ ಉಸಿರಿನಿಂದ ಎಂಟು ಸೆಕೆಂಡು ಯಾರು ಕದ್ದರು?" ಎಂದು ಮೇಡಂ ಎಲ್ಲರನ್ನೂ ಕೂರಿಸಿಕೊಂಡು ಕೇಳಿದರು. ಕೋಣೆಯಲ್ಲಿ ಏಳೆಂಟು ಜನರಿದ್ದರು. ಯಾರೂ ಅವನ ಕಡೆ ನೋಡಲಿಲ್ಲ. ಅತಿಥಿಗಳು ಬಂದಾಗಲೆಲ್ಲ ಮೇಡಂ ಅವನ ಭುಜ ಮುಟ್ಟಿ, ಇವರದು ಹದ್ದಿನ ಕಣ್ಣು ಎಂದು ಪರಿಚಯಿಸುತ್ತಿದ್ದವರು. ಯಾರೋ ಮೆಲ್ಲಗೆ "ನಿಧಾನಿ" ಎಂದರು, ಯಾರೋ ನಕ್ಕರು. ಭಾಮೈದನೂ ನಕ್ಕ. ಮುಳುಗುವಾಗ ಕಾದು ಕೂತಿರುತ್ತಾನೆ, ಬೇಗ ಒತ್ತುತ್ತಾನೆ. ಏಳುವ ಹೊತ್ತಿಗೆ ಮನಸ್ಸು ಎಲ್ಲೋ ಹೋಗಿರುತ್ತದೆ, ತಡವಾಗಿ ಒತ್ತುತ್ತಾನೆ. ಹೀಗೆಂದು ಎಲ್ಲರ ಲೆಕ್ಕ ಸರಿಹೋಯಿತು. "ನಾನು ಕೇಳಿದ ಕೂಡಲೇ ಒತ್ತಿದ ಹಾಗೇ ಇತ್ತು ಮೇಡಂ," ಎಂದ ಭಾಮೈದ. "ಗೊರಕೆ ಹೊಡೆಯೋರಿಗೆ ತಮ್ಮ ಗೊರಕೆ ಕೇಳಿಸುತ್ತೇನಪ್ಪಾ?" ಎಂದರು ಮೇಡಂ. ಭಾಮೈದ ತಿರುಗಿ ಭಾವನನ್ನು ನೋಡಿದ. ಸಹಾಯ ಕೇಳುವ ನೋಟವಲ್ಲ ಅದು. ಹೌದಾ ಭಾವ, ನಾನು ತಡ ಮಾಡ್ತಿದ್ದೆನಾ ಎಂದು ತಿಳಿಯಬಯಸಿದ ನೋಟ. ಅವನು ಕಿಟಕಿಯ ಕಡೆ ನೋಡಿದ. ಕಿಟಕಿಯಾಚೆಯ ಕಡಲೂ ಅವತ್ತು ಮಬ್ಬಾಗಿಯೇ ಇತ್ತು.

ಹತ್ತಕ್ಕೆ ಐದು ನಿಮಿಷವಿರುವಾಗಲೇ ಅವನು ಮೇಡಂ ಕೋಣೆಯ ಹೊರಗೆ ನಿಂತಿದ್ದ. ಗೋಡೆಗೆ ಹಾಕಿದ್ದ ಚಿತ್ರದಲ್ಲಿ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಪ್ರತಿ ಗರಿಯೂ ಬೇರೆ ಬೇರೆ ಕಾಣುತ್ತಿತ್ತು, ಚಿತ್ರದ ಮೂಲೆಯಲ್ಲಿ ತಿಗಣೆಯಷ್ಟು ಸಣ್ಣದಾಗಿ ಬರೆದ ತಾರೀಖೂ ಕಾಣುತ್ತಿತ್ತು. ಬೇಕಾದಾಗ ಕಾಣದ ಕಣ್ಣು ಈಗ ಬೇಡದ್ದನ್ನೆಲ್ಲ ತೋರಿಸುತ್ತಿದೆ ಎಂದು ಅವನಿಗೆ ತನ್ನ ಮೇಲೆಯೇ ರೇಗಿತು. ಕೈ ಸರಿಹೋಗಿದೆ ಎಂದಷ್ಟೇ ಹೇಳಿ ಬಂದರೂ ಸಾಕು. ಹೆಂಡತಿ ಕೇಳಿದ್ದೂ ಅಷ್ಟೇ. ಆದರೆ ಸರಿಹೋಗಿದೆ ಎನ್ನುವುದೆಂದರೆ ಕೆಟ್ಟಿತ್ತು ಎಂದು ಇನ್ನೊಂದು ಸಲ ಹೇಳಿದ ಹಾಗಲ್ಲವೇ. ಬಾಗಿಲು ತೆರೆದು ಒಳಗೆ ಹೋದವನು, ಮೇಡಂ ಕೂತ್ಕೊಳ್ಳಿ ಎನ್ನುವ ಮೊದಲೇ ಹೇಳಿಬಿಟ್ಟ.

"ಆ ಹನ್ನೊಂದು ದಿನದ ತಪ್ಪು ಅವನದಲ್ಲ ಮೇಡಂ. ನನ್ನದು."

"ಅಂದ್ರೆ?"

"ನನಗೆ ಕಣ್ಣು ಕಾಣ್ತಿರಲಿಲ್ಲ. ಹಕ್ಕಿ ಎದ್ದಿದ್ದು ತಡವಾಗಿ ಕಾಣ್ತಿತ್ತು. ನಾನು ಹೇಳಿದ ಕೂಡಲೇ ಅವನು ಒತ್ತಿದ್ದಾನೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅವನನ್ನೇ ನೋಡಿದರು. ಆಮೇಲೆ ಅವನು ಎಂದೂ ಎಣಿಸಿರದ ಕೆಲಸವೊಂದನ್ನು ಮಾಡಿದರು, ಮುಗುಳ್ನಕ್ಕರು. "ನೀವು ಹೀಗೇನಾದರೂ ಹೇಳ್ತೀರಿ ಅಂತ ನನಗೆ ಅನುಮಾನ ಇತ್ತು," ಎಂದರು. "ನಿಮ್ಮ ಭಾಮೈದ ಒಳ್ಳೆಯವನು, ನಾನೂ ಒಪ್ತೀನಿ. ಮನೆಯವರಿಗೂ ಬೇಜಾರಿರುತ್ತೆ. ಅದಕ್ಕೋಸ್ಕರ ನೀವು ಇಪ್ಪತ್ತಾರು ವರ್ಷದ ಹೆಸರನ್ನ ಕೈಯಾರೆ ಹಾಳು ಮಾಡ್ಕೋತೀರಾ?" ಹೇಳುತ್ತಲೇ ಹಿಂದಿನ ಕಪಾಟಿನಿಂದ ಒಂದು ಕಡತ ತೆಗೆದು, ಹಾಳೆ ಮಗುಚಿ, ಅವನ ಕಡೆ ತಿರುಗಿಸಿದರು. "ನೋಡಿ, ಆ ವರ್ಷದ ಕಣ್ಣಿನ ಪರೀಕ್ಷೆ. ಮರಿಗಳ ಕಾಲಕ್ಕೆ ಮೂರು ವಾರ ಮೊದಲು. ಎರಡೂ ಕಣ್ಣು ಸರಿಯಾಗಿದೆ ಅಂತ ಡಾಕ್ಟರ ರುಜು ಇದೆ. ಪೊರೆ ತೆಗೆಸಿದ್ದು ಅದಾಗಿ ಎಂಟು ತಿಂಗಳಿಗೆ. ನಾನೇ ರಜೆ ಕೊಟ್ಟಿದ್ದು, ಮರೆತಿಲ್ಲ."

ಆ ರುಜುವನ್ನು ಅವನು ನೋಡಿದ. ಆ ದಿನ ಸಾಲಿನಲ್ಲಿ ಅವನು ಒಂಬತ್ತನೆಯವನಾಗಿ ನಿಂತಿದ್ದ. ತೆರೆದ ಬಾಗಿಲಿನಾಚೆ ಒಬ್ಬೊಬ್ಬರೇ ಒಂದು ಕಣ್ಣು ಮುಚ್ಚಿಕೊಂಡು ಹಲಗೆಯ ಅಕ್ಷರಗಳನ್ನು ಓದುತ್ತಿದ್ದರು, ಅವನು ಹೊರಗೆ ನಿಂತು ತುಟಿಯಲ್ಲೇ ಗುಣುಗುಣಿಸಿ ಬಾಯಿಪಾಠ ಮಾಡುತ್ತಿದ್ದ, ಮಗ್ಗಿ ಬಾರದ ಹುಡುಗ ಪಕ್ಕದವನ ಬಾಯಿಯಿಂದ ಕದಿಯುವ ಹಾಗೆ. ಕೊನೆಯ ಸಾಲಿಗೆ ಬಂದಾಗ ನಿಜವಾಗಿ ಓದುವವನಂತೆ ಕಾಣಲೆಂದು ನಡುವೆ ಒಂದಿಷ್ಟು ತಡವರಿಸಿದ್ದ ಕೂಡ. ಡಾಕ್ಟರು, ನಿಮ್ಮ ಕಣ್ಣಿಗೆ ಇನ್ನೂ ವಯಸ್ಸಾಗಿಲ್ಲ ಎಂದು ನಕ್ಕಿದ್ದರು. ಇದನ್ನು ಹೇಳಿದರೆ ಮೇಡಂ ನಂಬುತ್ತಾರೆ. ಇಂಥದ್ದನ್ನು ಯಾರೂ ಕಟ್ಟಿ ಹೇಳುವುದಿಲ್ಲ. ನಾಲಿಗೆಯ ತುದಿಗೆ ಬಂತು. ತಪ್ಪಾಯಿತು ಎಂದು ಹೇಳಿದ್ದಾಯಿತಲ್ಲ. ಅದರಲ್ಲಿ ಒಂದು ದೊಡ್ಡಸ್ತಿಕೆಯಾದರೂ ಇತ್ತು. ಸಾಲಿನಲ್ಲಿ ನಿಂತು ಅಕ್ಷರ ಕದ್ದೆ ಎನ್ನುವುದರಲ್ಲಿ ಅದೂ ಇರಲಿಲ್ಲ. ಅವನು ಕಡತವನ್ನು ಮೇಡಂ ಕಡೆಗೆ ತಳ್ಳಿದ. ಮೇಡಂ ಕಡತ ಮುಚ್ಚಿದರು. "ಒಂದು ಮಾತು ಹೇಳಲಾ? ನಿಮ್ಮಂಥ ಭಾವ ಎಲ್ಲರಿಗೂ ಸಿಗಲ್ಲ," ಎಂದು, ಪಟ್ಟಿಯಲ್ಲಿ ಬೇರೆ ಯಾರದೋ ಹೆಸರನ್ನು ಬರೆದರು. ಅವನು, ಸರಿ ಮೇಡಂ, ಎಂದ. ಹೊರಗೆ ಬಂದ ಮೇಲೆ ತಾನು ಥ್ಯಾಂಕ್ಸ್ ಎಂದೂ ಹೇಳಿದ್ದು ನೆನಪಾಯಿತು.

ಕೇಂದ್ರದಲ್ಲಿ ಗೋಡೆಗೂ ಬಾಯಿ. ಮಧ್ಯಾಹ್ನದೊಳಗೆ ಟೈಪಿಸ್ಟು ಎದುರು ಬಂದಾಗ ದಾರಿ ಬಿಟ್ಟು ನಿಂತು, "ನೀವು ದೊಡ್ಡ ಮನಸ್ಸಿನೋರು ಸಾರ್," ಎಂದಳು. ದೋಣಿಯವನು, ಎಂದೂ ತುಟಿ ಬಿಚ್ಚದವನು, ಬೀಡಿ ಕೆಳಗಿಳಿಸಿ ತಲೆಯಾಡಿಸಿದ. ಇಪ್ಪತ್ತಾರು ವರ್ಷದಲ್ಲಿ ಅವನಿಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಊಟದ ಡಬ್ಬಿ ತೆರೆಯದೆ ಉಗ್ರಾಣಕ್ಕೆ ಹೋದ. ಭಾಮೈದ ನೆಲದ ಮೇಲೆ ಕೂತು, ಕಾಲಿನ ಹೆಬ್ಬೆರಳಿಗೆ ಹಗ್ಗ ಸಿಕ್ಕಿಸಿಕೊಂಡು ಗಂಟು ಬಿಡಿಸುತ್ತಿದ್ದ. ಆ ಕೋಣೆಗೆ ಡಾಂಬರಿನ ಮತ್ತು ಒಣ ಉಪ್ಪಿನ ವಾಸನೆ.

"ಆಗಲಿಲ್ವಂತಲ್ಲ ಭಾವ. ಹೋಗಲಿ ಬಿಡಿ," ಎಂದ ಭಾಮೈದ. "ನನಗೋಸ್ಕರ ತಪ್ಪನ್ನ ಮೈಮೇಲೆ ಹಾಕ್ಕೊಂಡ್ರಂತೆ. ಟೈಪಿಸ್ಟ್ ಬಂದು ಹೇಳಿದ್ಲು. ಅದು ಮಾಡಬಾರದಿತ್ತು ನೀವು."

"ಹಾಕ್ಕೊಂಡಿದ್ದಲ್ಲ ಕಣೋ. ಅದು ನನ್ನದೇ."

ಭಾಮೈದ ನಕ್ಕ, ಅವತ್ತಿನ ಹಾಗೇ. ಆ ನಗುವನ್ನು ಭಾವನಿಗೆ ಸಹಿಸಲಾಗಲಿಲ್ಲ. ಹಗ್ಗದ ಸುರುಳಿಯ ಮೇಲೆ ಕೂತು, ಒಂದೊಂದಾಗಿ ಎಲ್ಲವನ್ನೂ ಹೇಳಿದ: ಬಿಳುಪು, ಬಿಸಿಲು, ಹುಡುಕಿದ್ದು, ಒಂಬತ್ತನೆಯವನಾಗಿ ನಿಂತದ್ದು. "ಕೊನೇ ಸಾಲು ಈಗಲೂ ಬಾಯಿಪಾಠ ಇದೆ. ರ, ಠ, ಗ, ನ, ಲ, ವ," ಎಂದ. ಮೇಡಂ ಮುಂದೆ ಹೊರಡದ ಅಕ್ಷರಗಳು ಇಲ್ಲಿ, ಯಾವ ಪ್ರಯೋಜನವೂ ಇಲ್ಲದ ಕಡೆ, ಸರಾಗವಾಗಿ ಬಂದವು. ಭಾಮೈದನ ನಗು ಒಮ್ಮೆಗೇ ಹೋಗಲಿಲ್ಲ. ಅವನದು ಯಾವುದೂ ಒಮ್ಮೆಗೇ ಆಗುವಂಥದ್ದಲ್ಲ. ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ಬಾಯಿಯಿಂದ. ಹಗ್ಗ ಬಿಟ್ಟು ತನ್ನ ಬಲಗೈಯ ಹೆಬ್ಬೆರಳನ್ನು ನೋಡಿಕೊಂಡ.

"ಹಾಗಾದ್ರೆ ನನ್ನ ಕೈ ಸರಿಯಾಗೇ ಇತ್ತು."

"ಸರಿಯಾಗೇ ಇತ್ತು."

"ಅಕ್ಷರದ ವಿಷಯ ಮೇಡಂಗೆ ಹೇಳಿದ್ರಾ?"

"ಇಲ್ಲ."

ಯಾಕೆ ಎಂದು ಭಾಮೈದ ಕೇಳಲಿಲ್ಲ. ಕೇಳಿದ್ದರೆ, ಬೈದಿದ್ದರೆ, ಆ ಗಂಟಿನ ಹಗ್ಗವನ್ನೇ ಮುಖಕ್ಕೆ ಎಸೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಈಗಲೇ ಎದ್ದು ಮೇಡಂ ಕೋಣೆಗೆ ಓಡುತ್ತಿದ್ದೆನೇನೋ ಎಂದು ಅವನು ಅಂದುಕೊಂಡ. ಬೈಸಿಕೊಂಡಾದರೂ ಒಳ್ಳೆಯವನಾಗುವ ಆಸೆ. ಭಾಮೈದ ಹಗ್ಗವನ್ನು ಮತ್ತೆ ಎತ್ತಿಕೊಂಡು ಹೇಳಿದ: "ಅಕ್ಕನಿಗೆ ಮಾತ್ರ ಹೇಳಬೇಡಿ."

"ಅವಳಿಗೆ ಗೊತ್ತಾಗಬೇಕಲ್ಲೋ."

"ಬೇಡ ಭಾವ. ಎರಡು ವರ್ಷ ದಿನಾ ಕೂತಿದ್ದಾಳೆ. ಜ್ವರ ಬಂದಾಗಲೂ ಹಾಸಿಗೆಯಿಂದಲೇ ಮುಳುಗಿತು, ಎದ್ದಿತು ಅಂದಿದ್ದಾಳೆ. ನೀವು ನಿಜ ಗೊತ್ತಿದ್ದೂ ಪಕ್ಕದ ಕೋಣೇಲಿ ಕೂತು ಎಲ್ಲಾ ಕೇಳಿಸ್ಕೊಂಡಿದ್ದೀರಿ ಅಂತ ಗೊತ್ತಾದ್ರೆ..." ಒಂದು ಗಂಟನ್ನು ಹಲ್ಲಿನಿಂದ ಎಳೆದ. "ಅವಳು ಜಗಳ ಆಡಲ್ಲ. ನಿಮಗೆ ಚಹಾ ಕೊಡುವಾಗ ಮುಖ ನೋಡೋದನ್ನ ಬಿಟ್ಟುಬಿಡ್ತಾಳೆ. ನನಗೆ ಅವಳು ಗೊತ್ತು." ಅಷ್ಟು ಉದ್ದದ ಮಾತನ್ನು ಭಾಮೈದ ಆಡಿದ್ದನ್ನು ಅವನು ಕೇಳಿರಲಿಲ್ಲ. ಗಂಟು ಬಿಡಿಸುವ ಕೆಲಸ ಮುಂದುವರಿಯಿತು. ಅವನು ಎದ್ದು ಬಂದ. ಮಧ್ಯಾಹ್ನವೆಲ್ಲ ಬಂಡೆಯ ಮೇಲೆ ಒಬ್ಬನೇ ಕೂತು ದುರ್ಬೀನಿನಲ್ಲಿ ನೋಡಿದ. ಹಕ್ಕಿಗಳು ಮುಳುಗಿದವು, ಎದ್ದವು, ಅವನು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ.

ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖ ನೋಡಿದವಳಿಗೆ ಅರ್ಥವಾಯಿತು. ಅಳಲಿಲ್ಲ, ಸಿಟ್ಟಾದಳು. "ನಾಳೆ ನಾನೇ ಹೋಗಿ ಮೇಡಂನ ಕಾಣ್ತೀನಿ. ಎರಡು ವಾಚನ್ನೂ ಅವರ ಮೇಜಿನ ಮೇಲಿಡ್ತೀನಿ. ಅವರೇ ಹೇಳಲಿ, ಅವರೇ ನೋಡಲಿ. ಅದೇನು ಅವರಿಗೊಬ್ಬರಿಗೇ ಕಣ್ಣಿರೋದಾ?" ಅವಳು ಹೋಗುವವಳೇ. ಹೋದರೆ ಮೇಡಂ ಮುಗುಳ್ನಗುತ್ತಾರೆ, ನಿಮ್ಮ ಯಜಮಾನರು ಎಂಥವರು ಗೊತ್ತೇನಮ್ಮಾ ಎಂದು ಶುರುಮಾಡುತ್ತಾರೆ. ಪೂರ್ತಿ ಕೇಳುವ ಮೊದಲೇ ಅವಳಿಗೆ ನಿಜ ಯಾವುದೆಂದು ಹೊಳೆದುಬಿಡುತ್ತದೆ. ಗಂಡನ ಬಲಗಣ್ಣು ಆ ವರ್ಷ ಸೂಜಿಗೆ ದಾರ ಪೋಣಿಸಲಾರದೆ ಒದ್ದಾಡಿದ್ದನ್ನು ನೋಡಿದವಳು ಅವಳು. ಅವನು ಬಾಯಿ ತೆರೆದ. ಅಷ್ಟರಲ್ಲಿ ಹಿಂದೆ ನಿಂತಿದ್ದ ಭಾಮೈದ, "ಹೋಗೋ ಮುಂಚೆ ಒಂದ್ಸಲ ನೋಡೋಣ ಅಕ್ಕ," ಎಂದು ಮೇಜಿನ ಮುಂದೆ ಹೋಗಿ ಕೂತ.

"ಮುಳುಗಿತು," ಎಂದಳು ಹೆಂಡತಿ. ಎರಡು ಗುಂಡಿಗಳು ಒಟ್ಟಿಗೆ ಟಕ್ಕೆಂದವು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. "ಎದ್ದಿತು." ಅವಳ ವಾಚು ಟಕ್ಕೆಂದಿತು. ಭಾಮೈದನ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು, ತಾಗಿಯೂ ತಾಗದ ಹಾಗೆ, ಅವನ ಕೆಳತುಟಿ ಸಣ್ಣಗೆ ಅಲುಗುತ್ತಿತ್ತು, ಒಂದು, ಎರಡು, ಮೂರು. ಎಂಟಕ್ಕೆ ಒತ್ತಿದ. ಹೆಂಡತಿ ಎರಡು ವಾಚುಗಳನ್ನೂ ನೋಡಿ, ತನ್ನದನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಇನ್ನೊಂದ್ಸಲ ಎಂದಳು. ಮತ್ತೆ ಎಂಟು. ಮೂರನೆಯ ಸಲ ಹೇಳುವಾಗ ಅವಳ ದನಿ ತಗ್ಗಿತ್ತು.

"ಬೆಳಿಗ್ಗೆ ಸರಿಯಾಗಿತ್ತಲ್ಲೋ."

"ಬೆಳಿಗ್ಗೆ ಹೇಗೋ ಬಂದಿತ್ತು ಅಕ್ಕ. ನನಗೆ ಒತ್ತಿದ ಹಾಗೇ ಇರುತ್ತೆ."

ಅವಳು ತಮ್ಮನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡು, ಆ ಹೆಬ್ಬೆರಳನ್ನು ಚಿಕ್ಕಂದಿನಲ್ಲಿ ಉಗುರು ಕತ್ತರಿಸುವಾಗ ಹಿಡಿಯುತ್ತಿದ್ದಂತೆ ಹಿಡಿದು ಕೂತಳು. ಎರಡು ವರ್ಷದ ಬೆಳಗುಗಳೆಲ್ಲ ದಂಡವಾದವಲ್ಲ ಎಂಬ ಸಂಕಟ ಅವಳ ಮುಖದಲ್ಲಿ ನೇರವಾಗಿ ಕಾಣುತ್ತಿತ್ತು. ಆಮೇಲೆ ಗಂಡನ ಕಡೆ ತಿರುಗಿದಳು. "ನಾನು ಅಕ್ಕ, ನನಗೆ ಗೊತ್ತಾಗಲ್ಲ. ನೀವು ನೋಡಿದ್ರಲ್ಲ. ನಿಜವಾಗ್ಲೂ ಇವನು ತಡ ಮಾಡ್ತಿದ್ದಾನಾ?"

ಭಾಮೈದ ತಲೆಯೆತ್ತಿ ಭಾವನನ್ನು ನೋಡಿದ. ಆ ಮುಖದ ಮೇಲಿನ ಒಂದೊಂದು ಗೆರೆಯೂ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಹೌದು," ಎಂದ ಅವನು. "ಎಂಟು ಸೆಕೆಂಡು ತಡ." ಅವಳು ಕೇಳಿದ ಕೂಡಲೇ ಹೇಳಿದ.